ಟಿಬಿ ಗುಳಿಗಿ ನಡೆದಾಗ ಮಾಲಾ-ಎನ್ ಒಂದನ್ನೇ ನಂಬಬ್ಯಾಡ್ರಿ

(ಚಪಳಗಾಂವದಲ್ಲಿ ನಮ್ಮ ಗಡಿಭಾಗದ ಯುವಕ-ಯುವತಿಯರ ಮುಂದೆ ಆಡಿದ ಮಾತು. ಬರಲಿಕ್ಕೆ ಆಗದವರು ಕೇಳಿದ್ದಕ್ಕೆ ಬರೆದು ಹಾಕಿದ್ದೇವೆ.)



ನಾವು ಕನ್ನಡದವರು ಸೇರಿದಾಗೆಲ್ಲ ಮಾತು ಶುರು ಆಗೋದು ಮಹಾಜನ ವರದಿಯಿಂದ, ಮುಗಿಯೋದು ಕನ್ನಡ ಶಾಲೆಗೆ ಮಾಸ್ತರ ಇಲ್ಲ ಅನ್ನೋದರಲ್ಲಿ. ಅವೆರಡೂ ಬೇಕಾದ ಮಾತೇ. ಆದರ ಇವತ್ತು ಅದನ್ನ ಬದಿಗಿಟ್ಟು ಗುಳಿಗಿ ವಿಷಯ ಮಾತಾಡೋಣ. ಕೂಸು ಸದ್ಯ ಬ್ಯಾಡ ಅಂತ ಹೆಣ್ಣುಮಕ್ಕಳು ತಗೊಳ್ಳೋ ಗುಳಿಗಿ, ಅದರ ಜೋಡಿ ಬ್ಯಾರೆ ರೋಗದ ಗುಳಿಗಿ ಕೂಡಿದರ ಏನಾಗ್ತದ ಅನ್ನೋದು. ಹಿಂದಿನ ಸಾಲಿನವರು ನಗಾಕತ್ತೀರಿ. ನಗ್ರಿ, ಒಂದು ನಿಮಿಷ ನಕ್ಕು ಮುಗಿಸ್ರಿ. ಯಾಕಂದರ ಮೆಡಿಕಲ್ ಅಂಗಡಿಗೆ ಹೋಗಿ ಗುಳಿಗಿ ತರೋರು ನಮ್ಮ ಊರುಗಳಲ್ಲಿ ಹೆಚ್ಚಾಗಿ ಗಂಡಸರೇ. ಇದು ನಿಮಗೂ ಗೊತ್ತಿರಬೇಕು.

ಬ್ಯಾಂಕಿನ ಕೌಂಟರಿನಲ್ಲಿ ಕೂರೋರಿಗೆ ಇದರ ಉಸಾಬರಿ ಯಾಕ ಅಂತ ಕೇಳಬಹುದು. ಟಿಬಿ ಆದವರಿಗೆ ಹೊಟ್ಟೆಗೆ ಚಲೋ ಉಣ್ಣಲಿಕ್ಕೆ ಅಂತ ಕೇಂದ್ರ ಸರ್ಕಾರ 2018ರಿಂದ ನಿಕ್ಷಯ ಪೋಷಣ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ನೇರ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಆಧಾರ ಜೋಡಣೆ ಸರಿ ಇರದಿದ್ದರ ಆ ದುಡ್ಡು ಬರೋದಿಲ್ಲ. ಆಗ ಜನ ನಮ್ಮಂಥವರ ಕೌಂಟರಿಗೇ ಬರ್ತಾರ. ಯಾರ ಖಾತೆ, ಯಾವ ಊರು ಅಂತ ನಾವು ಹೇಳೋ ಹಂಗಿಲ್ಲ, ಹೇಳೋದೂ ಇಲ್ಲ. ಆದರ ಇಷ್ಟು ಹೇಳಬಹುದು: ಟಿಬಿ ಅನ್ನೋದು ಮುದುಕರ ರೋಗ ಅಂತ ತಿಳಕೊಂಡವರು ತಿಳುವಳಿಕೆ ಬದಲಿಸಬೇಕು. ದುಡಿಯೋ ವಯಸ್ಸಿನವರಿಗೆ, ಮದುವೆಯಾಗಿ ಎರಡು-ಮೂರು ವರ್ಷ ಆದವರಿಗೆ, ಸಣ್ಣ ಕೂಸಿನ ತಾಯಂದಿರಿಗೆ ಇದು ಬರ್ತದ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಭಾರತದಲ್ಲೇ ಇದ್ದಾರೆ.

ಈಗ ಒಬ್ಬ ಸೊಸಿ ಅಂತ ಇಟ್ಕೊಳ್ರಿ. ಆಳಂದ ಕಡೆಯಿಂದನೋ ಅಫಜಲಪುರ ಕಡೆಯಿಂದನೋ ನಮ್ಮ ಅಕ್ಕಲಕೋಟ ತಾಲೂಕಿಗೆ ಮದುವೆಯಾಗಿ ಬಂದಾಳ. ಮೊದಲನೇ ಕೂಸಿಗೆ ಎರಡು ವರ್ಷ. ಎರಡನೇದು ಇಷ್ಟು ಲಗೂ ಬ್ಯಾಡ ಅಂತ ಮಾಲಾ-ಎನ್ ತಗೋತಾಳ. ದವಾಖಾನೆಯಲ್ಲಿ ಪುಗಸಟ್ಟೆ ಸಿಗ್ತದ, 28 ಗುಳಿಗಿಯ ಪಟ್ಟಿ, ಅದರಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಒಂದು ದಿನ ತಪ್ಪದೆ ನುಂಗ್ತಾಳ. ಅಷ್ಟರಲ್ಲಿ ಕೆಮ್ಮು, ಸಂಜಿ ಜ್ವರ, ಕಫ ತಪಾಸಣೆ, ಟಿಬಿ ಅಂತ ಗೊತ್ತಾಗ್ತದ. ಆರು ತಿಂಗಳ ಔಷಧ ಶುರು ಆಗ್ತದ. ಅದನ್ನೂ ತಪ್ಪದೆ ನುಂಗ್ತಾಳ. ಎರಡೂ ಗುಳಿಗಿ ಸರಕಾರದ್ದೇ, ಎರಡೂ ಒಂದೇ ಆರೋಗ್ಯ ಕೇಂದ್ರದ್ದು. ಎಷ್ಟೋ ಸಲ ಎರಡನ್ನೂ ಕೈಗೆ ಕೊಡೋಕಿ ಒಬ್ಬಾಕಿನೇ ಆಶಾ ಕಾರ್ಯಕರ್ತೆ. ಮೂರನೇ ತಿಂಗಳು ಈಕಿ ಬಸುರಿ.

ಮನೆಯಲ್ಲಿ ಏನಂತಾರ? ‘ಗುಳಿಗಿ ನೆಟ್ಟಗ ತಗೊಂಡಿಲ್ಲ’ ಅಂತಾರ. ಗಂಡ ಸೀಜನ್ನಿಗೆ ಕಬ್ಬು ಕಡಿಯಲಿಕ್ಕೆ ಹೋಗಿದ್ದು ನಡುವೆ ಬಂದು ಹೋಗಿದ್ದರ ಇನ್ನೂ ಕೆಟ್ಟ ಮಾತು ಬರ್ತಾವ. ಗುಳಿಗಿ ತಗೊಂಡರೂ ಹೆಂಗ ಬಸುರಾದಿ ಅಂತ ಕೇಳೋರು ಇರ್ತಾರ. ಆಕಿ ಎರಡನ್ನೂ ನೆಟ್ಟಗ ತಗೊಂಡದ್ದೇ ಇದಕ್ಕೆ ಕಾರಣ ಅಂತ ಅಲ್ಲಿ ಯಾರಿಗೂ ಗೊತ್ತಿರೋದಿಲ್ಲ.

ಟಿಬಿ ಔಷಧದಲ್ಲಿ ರಿಫಾಂಪಿಸಿನ್ ಅನ್ನೋ ಒಂದು ಮದ್ದು ಇರ್ತದ. ಮೊದಲ ಎರಡು ತಿಂಗಳು ನಾಲ್ಕು ಮದ್ದು ಕೂಡಿದ ಗುಳಿಗಿ, ಆಮೇಲಿನ ನಾಲ್ಕು ತಿಂಗಳು ಮೂರು ಮದ್ದಿನದು. ಎರಡರಲ್ಲೂ ರಿಫಾಂಪಿಸಿನ್ ಇದ್ದೇ ಇರ್ತದ. ಇದನ್ನು ಗುರುತಿಸಲಿಕ್ಕೆ ಇಂಗ್ಲಿಷ್ ಓದಬೇಕಾಗಿಲ್ಲ. ಯಾವ ಗುಳಿಗಿ ತಗೊಂಡರ ಮೂತ್ರ ಕೆಂಪು-ಕಿತ್ತಳೆ ಬಣ್ಣ ಆಗ್ತದೋ ಅದರಲ್ಲಿ ಇದು ಅದ. (ಆ ಬಣ್ಣಕ್ಕೆ ಹೆದರಬ್ಯಾಡ್ರಿ, ಅದು ರಕ್ತ ಅಲ್ಲ.)

ನಮ್ಮ ಲಿವರು, ಅಂದರೆ ಯಕೃತ್ತು, ಹೊಟ್ಟೆಗೆ ಹೋದ ಔಷಧವನ್ನೆಲ್ಲ ಒಡೆದು ಹೊರಗೆ ಹಾಕೋ ಕಾರಖಾನೆ. ಅಲ್ಲಿ ಕಿಣ್ವಗಳು ಅನ್ನೋ ಕೆಲಸಗಾರರು ಇರ್ತಾರ. ರಿಫಾಂಪಿಸಿನ್ ಹೋದರ ಅಲ್ಲಿ ಕೆಲಸಗಾರರ ಸಂಖ್ಯೆ ಒಮ್ಮೆಲೇ ಏರ್ತದ. ಅವರು ರಿಫಾಂಪಿಸಿನ್ ಒಂದನ್ನೇ ಅಲ್ಲ, ಅದೇ ದಾರಿಯಲ್ಲಿ ಬಂದ ಗರ್ಭನಿರೋಧಕ ಗುಳಿಗಿಯ ಹಾರ್ಮೋನನ್ನೂ ಬೇಗ ಬೇಗ ಒಡೆದು ಹಾಕ್ತಾರ. ಮಾಲಾ-ಎನ್ ಗುಳಿಗಿಯಲ್ಲಿ ಈಸ್ಟ್ರೊಜೆನ್ ಇರೋದೇ 0.03 ಮಿಲಿಗ್ರಾಂ. ಮುಂಚಿನ ಕಾಲದ ಗುಳಿಗಿಗಳಲ್ಲಿ ಇದರ ಎಷ್ಟೋ ಪಟ್ಟು ಇರ್ತಿತ್ತು. ಅಡ್ಡಪರಿಣಾಮ ಹೆಚ್ಚು ಅಂತ ಇಳಿಸಿಕೊಂಡು ಬಂದು ಈಗ ಬೇಕಾದಷ್ಟೇ ಇಟ್ಟಾರ. ನಮ್ಮ ಭಾಷೆಯಲ್ಲಿ ಹೇಳೋದಾದರ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸಿನಷ್ಟೇ ದುಡ್ಡು ಅದ. ರಿಫಾಂಪಿಸಿನ್ ದಿನಾ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಹಾಕ್ತದ. ಪಾಸ್‌ಬುಕ್ಕಿನಲ್ಲಿ ಜಮಾ ಆದದ್ದು ಕಾಣ್ತದ, ದುಡ್ಡು ಮಾತ್ರ ಇರೋದಿಲ್ಲ. ಗುಳಿಗಿ ಪಟ್ಟಿ ಖಾಲಿ ಆಗ್ತದ, ಕೆಲಸ ಆಗೋದಿಲ್ಲ.

ಇದು ಹೊಸ ಸಂಶೋಧನೆಯಲ್ಲ. 1970ರ ದಶಕದ ಆರಂಭದಲ್ಲೇ ಜರ್ಮನಿಯ ವೈದ್ಯರು ಇದನ್ನು ಬರೆದರು. ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿದ್ದ ಹೆಣ್ಣುಮಕ್ಕಳಿಗೆ ಗರ್ಭನಿರೋಧಕ ಗುಳಿಗಿ ನಡೆದಿದ್ದರೂ ತಿಂಗಳ ನಡುವೆ ರಕ್ತ ಕಾಣಿಸತೊಡಗಿತು, ಕೆಲವರು ಬಸುರಿಯೂ ಆದರು. ಆಮೇಲೆ ಜಗತ್ತಿನ ಎಲ್ಲ ಕಡೆ ಇದನ್ನು ಒಪ್ಪಿಕೊಂಡರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯಲ್ಲೂ ರಿಫಾಂಪಿಸಿನ್ ತಗೊಳ್ಳೋರಿಗೆ ಈ ಗುಳಿಗಿ ಸಾಮಾನ್ಯವಾಗಿ ಬ್ಯಾಡ ಅಂತಲೇ ಅದ. ಅಂದರೆ 50 ವರ್ಷದಿಂದ ಡಾಕ್ಟರುಗಳಿಗೆ ಗೊತ್ತಿರೋ ಮಾತು ಇದು. ಚಪಳಗಾಂವಕ್ಕ, ನಾಗಣಸೂರಕ್ಕ, ತಡವಳಕ್ಕ ಬಂದು ಮುಟ್ಟಿಲ್ಲ ಅಷ್ಟೇ. ಭಾರತದ ಟಿಬಿ ಕಾರ್ಯಕ್ರಮಕ್ಕ ರೂಪ ಕೊಟ್ಟ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನ ಜಗತ್ತಿನಲ್ಲೇ ಮೊದಲು ತೆರೆದದ್ದು 1930ರಲ್ಲಿ ಮೈಸೂರು ಸಂಸ್ಥಾನ. ಎರಡೂ ಕನ್ನಡ ನೆಲದಲ್ಲೇ ಆದವು. ಹೆಮ್ಮೆ ಪಡಲಿಕ್ಕೆ ಚಲೋ ಅದ, ಆದರ ಎರಡೂ ಕೂಡುವ ಜಾಗದಲ್ಲಿ ಏನಾಗ್ತದ ಅನ್ನೋದು ನಮ್ಮ ಸೊಸಿಗೆ ಕನ್ನಡದಲ್ಲಿ ಹೇಳಿದವರು ಯಾರೂ ಇಲ್ಲ.

ಇನ್ನೊಂದು ಮಾತು ಹೊಸದು, ಇದನ್ನ ಕಿವಿಗೊಟ್ಟು ಕೇಳ್ರಿ. ಮನೆಯಲ್ಲಿ ಒಬ್ಬರಿಗೆ ಟಿಬಿ ಆದರ ಈಗ ಉಳಿದವರಿಗೂ, ರೋಗ ಇರದಿದ್ದರೂ, ಮುಂಜಾಗ್ರತೆಯ ಔಷಧ ಕೊಡ್ತಾರ. ಒಂದು ರೀತಿಯಲ್ಲಿ ಆರು ತಿಂಗಳು ದಿನಾ ಐಸೊನಿಯಾಜಿಡ್ ಒಂದೇ. ಇನ್ನೊಂದು ರೀತಿಯಲ್ಲಿ ವಾರಕ್ಕೊಮ್ಮೆ, 12 ವಾರ, ಐಸೊನಿಯಾಜಿಡ್ ಜೋಡಿ ರಿಫಾಪೆಂಟಿನ್. ಐಸೊನಿಯಾಜಿಡ್ ಒಂದೇ ಇದ್ದರ ಮಾಲಾ-ಎನ್‌ಗೆ ಧಕ್ಕೆ ಇಲ್ಲ. ರಿಫಾಪೆಂಟಿನ್ ಮಾತ್ರ ರಿಫಾಂಪಿಸಿನ್ನಿನ ತಮ್ಮ ಇದ್ದಂಗ, ಇದೂ ಅದೇ ಕೆಲಸ ಮಾಡ್ತದ. ಮಾವಗ ಟಿಬಿ, ಗಟ್ಟಿಮುಟ್ಟಾದ ಸೊಸಿಗೆ ವಾರದ ಗುಳಿಗಿ. ತನಗೆ ರೋಗ ಇಲ್ಲ ಅಂದಮೇಲೆ ಗರ್ಭನಿರೋಧಕದ ವಿಷಯ ಎತ್ತಬೇಕು ಅಂತ ಆಕಿಗೆ ಹೊಳಿಯೋದೇ ಇಲ್ಲ.

ಟಿಬಿ ಬಿಟ್ಟರ ಎರಡನೇ ದೊಡ್ಡ ಗುಂಪು ಮೂರ್ಛೆ ಬ್ಯಾನಿ ಗುಳಿಗಿ, ಅಂದರ ಫಿಟ್ಸಿನವು. ಮರಾಠಿಯಲ್ಲಿ ಆಕಡಿ ಅಂತಾರಲ್ಲ, ಅದು. ಫೆನಿಟಾಯಿನ್, ಫಿನೊಬಾರ್ಬಿಟೋನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಹೆಚ್ಚಿನ ಪ್ರಮಾಣದ ಟೊಪಿರಾಮೇಟ್, ಇವು ಲಿವರಿನಲ್ಲಿ ಅದೇ ಆಟ ಆಡ್ತಾವ. ಎಪ್ಟಾಯಿನ್, ಗಾರ್ಡಿನಾಲ್, ಟೆಗ್ರಿಟಾಲ್ ಅನ್ನೋ ಹೆಸರು ಮನೆಯ ಪಟ್ಟಿ ಮೇಲೆ ನೋಡಿರಬಹುದು. ಲೆವೆಟಿರಾಸಿಟಮ್‌ಗೆ ಈ ತಂಟೆ ಇಲ್ಲ. ಲ್ಯಾಮೋಟ್ರಿಜಿನ್ ಉಲ್ಟಾ: ಅಲ್ಲಿ ಗರ್ಭನಿರೋಧಕ ಗುಳಿಗಿಯೇ ಫಿಟ್ಸಿನ ಔಷಧದ ಬಲ ಇಳಿಸ್ತದ, ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ವ್ಯಾಲ್‌ಪ್ರೊಯೇಟ್ ಗರ್ಭನಿರೋಧಕವನ್ನ ಕೆಡಿಸೋದಿಲ್ಲ, ಆದರ ಬಸುರಿದ್ದಾಗ ಅದು ಕೂಸಿಗೆ ಭಾಳ ಅಪಾಯದ್ದು. ಹಂಗಾಗಿ ಆ ಗುಳಿಗಿ ತಗೊಳ್ಳೋ ಹೆಣ್ಣುಮಕ್ಕಳಿಗೆ ಗಟ್ಟಿ ಗರ್ಭನಿರೋಧಕ ಬೇಕೇ ಬೇಕು. ನಮ್ಮಲ್ಲಿ ಫಿಟ್ಸ್ ಇರೋದನ್ನ ಮುಚ್ಚಿಟ್ಟು ಹುಡುಗಿಯ ಮದುವೆ ಮಾಡೋ ರೂಢಿ ಅದ. ಗಂಡನ ಮನೆಯಲ್ಲಿ ಕದ್ದು ಗುಳಿಗಿ ನುಂಗೋಕಿ ಆಶಾ ಕಾರ್ಯಕರ್ತೆ ಮುಂದೆ ಅದರ ಹೆಸರು ಹೇಳ್ತಾಳೇನು? ಈ ಒಂದು ಗಂಟನ್ನ ಬಿಚ್ಚೋದು ಡಾಕ್ಟರ ಕೈಯಲ್ಲಿಲ್ಲ, ಮದುವೆ ಮಾಡಿಕೊಳ್ಳೋ ನಿಮ್ಮ ಕೈಯಲ್ಲದ.

ಎಚ್‌ಐವಿ ಔಷಧದಲ್ಲಿ ಎಫಾವಿರೆಂಜ್ ಇದ್ದವರೂ ಎಆರ್‌ಟಿ ಕೇಂದ್ರದಲ್ಲಿ ಕೇಳಬೇಕು. ಈಗ ಹೆಚ್ಚಿನವರಿಗೆ ಕೊಡೋ ಡೊಲುಟೆಗ್ರಾವಿರ್‌ಗೆ ಈ ತೊಂದರೆ ಇಲ್ಲ.

ಇಷ್ಟು ಹೇಳಿದ ಕೂಡಲೇ ಎಲ್ಲ ಗುಳಿಗಿಗೂ ಹೆದರೋದು ಬ್ಯಾಡ. ‘ಆಂಟಿಬಯೋಟಿಕ್ ತಗೊಂಡರ ಮಾಲಾ-ಎನ್ ಕೆಲಸ ಮಾಡೋದಿಲ್ಲ’ ಅನ್ನೋ ಮಾತು ಮೊಬೈಲಿನಲ್ಲಿ ಓಡಾಡ್ತದ. ಗಂಟಲು ನೋವಿಗೆ, ಹಲ್ಲಿಗೆ, ಗಾಯಕ್ಕೆ ಕೊಡೋ ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್ ಇಂಥವುಗಳಿಂದ ಗರ್ಭನಿರೋಧಕ ಕೆಡೋದಿಲ್ಲ. ಪ್ಯಾರಾಸಿಟಮಾಲ್, ಸಕ್ಕರೆ ರೋಗದ ಮೆಟ್‌ಫಾರ್ಮಿನ್, ಇವಕ್ಕೂ ಸಂಬಂಧ ಇಲ್ಲ. ವಾಂತಿ-ಭೇದಿ ಆದರ ಮಾತ್ರ ಲೆಕ್ಕ ಬ್ಯಾರೆ. ಮಾಲಾ-ಎನ್ ನುಂಗಿ ಎರಡು ಗಂಟೆಯೊಳಗೆ ವಾಂತಿ ಆದರ ಇನ್ನೊಂದು ಗುಳಿಗಿ ತಗೋಬೇಕು. ವಾಂತಿ-ಭೇದಿ ಎರಡು ದಿನ ದಾಟಿದರ ಕಾಂಡೋಮ್ ಜೋಡಿ ಇರಲಿ.

ಹಂಗಾದರ ಏನು ಮಾಡಬೇಕು? ಎಲ್ಲಕ್ಕಿಂತ ಮೊದಲು, ಟಿಬಿ ಗುಳಿಗಿ ಬಿಡಬಾರದು. ಇದನ್ನ ಎರಡು ಸಲ ಹೇಳ್ತೀವಿ: ಟಿಬಿ ಗುಳಿಗಿ ಬಿಡಬಾರದು. ಫಿಟ್ಸಿನ ಗುಳಿಗಿಯೂ ಒಮ್ಮೆಲೇ ನಿಲ್ಲಿಸಬಾರದು, ಜೀವಕ್ಕೆ ಬರ್ತದ. ಬದಲಾಗಬೇಕಾದದ್ದು ಗರ್ಭನಿರೋಧಕ. ಕಾಪರ್-ಟಿಗೆ ಯಾವ ಔಷಧದ ಹಂಗೂ ಇಲ್ಲ, ಯಾಕಂದರ ಅದರ ಕೆಲಸ ಗರ್ಭಕೋಶದ ಒಳಗೇ, ಲಿವರಿಗೆ ಅದು ಹೋಗೋದೇ ಇಲ್ಲ. 380-ಎ ಅನ್ನೋದನ್ನ ಹಾಕಿಸಿದರ 10 ವರ್ಷ ನಡೀತದ, ಬ್ಯಾಡಾದಾಗ ತೆಗೆಸಬಹುದು. ಟಿಬಿ ಗರ್ಭಕೋಶಕ್ಕೇ ಆಗಿದ್ದರ ಮಾತ್ರ ಅದನ್ನ ಹಾಕೋದಿಲ್ಲ. ಎರಡನೇದು ಅಂತರಾ, ಮೂರು ತಿಂಗಳಿಗೊಮ್ಮೆ ಕೊಡೋ ಚುಚ್ಚುಮದ್ದು. ಅದರಲ್ಲಿ ಹಾರ್ಮೋನಿನ ಪ್ರಮಾಣ ಸಾಕಷ್ಟು ಇರೋದರಿಂದ ರಿಫಾಂಪಿಸಿನ್ನೂ ಫಿಟ್ಸಿನ ಗುಳಿಗಿಯೂ ಅದನ್ನ ಕೆಡಿಸೋದಿಲ್ಲ. ಇವೆರಡೂ ಸರ್ಕಾರಿ ಯೋಜನೆಯಲ್ಲಿ ಪುಗಸಟ್ಟೆ ಸಿಗೋವೇ. ತೋಳಿನಲ್ಲಿ ಇಡೋ ಸಣ್ಣ ಕಡ್ಡಿ, ಇಂಪ್ಲಾಂಟ್ ಅಂತಾರಲ್ಲ, ಅದು ಮಾತ್ರ ಮಾಲಾ-ಎನ್ ಹಂಗೇ ಬಲ ಕಳಕೊಳ್ಳಬಹುದು. ವಾರಕ್ಕೆ ತಗೊಳ್ಳೋ ಛಾಯಾ ನಡೆದಿದ್ದರೂ ಡಾಕ್ಟರಿಗೆ ತೋರಿಸ್ರಿ. ಮತ್ತೆ ಕಾಂಡೋಮ್. ಅದಕ್ಕೆ ಲಿವರು ಬ್ಯಾಡ, ಔಷಧ ಬ್ಯಾಡ, ಗಂಡಸರ ಮನಸ್ಸು ಒಂದು ಬೇಕು. ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 38 ವಿವಾಹಿತೆಯರು ತಾವೇ ಆಪರೇಷನ್ ಮಾಡಿಸಿಕೊಂಡಾರ, ಕಾಂಡೋಮ್ ಬಳಸೋರು ನೂರಕ್ಕೆ ಹತ್ತರ ಒಳಗೆ. ಈಗ ನಗೋರು ನಗ್ರಿ.

ಲೆಕ್ಕ ಹಾಕೋವಾಗ ಇನ್ನೊಂದು ಮರಿಬ್ಯಾಡ್ರಿ. ಟಿಬಿ ಗುಳಿಗಿ ಮುಗಿದ ಮರುದಿನವೇ ಮಾಲಾ-ಎನ್‌ಗೆ ಬಲ ಬರೋದಿಲ್ಲ. ಕಾರಖಾನೆಯಲ್ಲಿ ಹೆಚ್ಚಾದ ಕೆಲಸಗಾರರು ಇಳಿಯಲಿಕ್ಕೆ ಸುಮಾರು ನಾಲ್ಕು ವಾರ ಹಿಡೀತದ. ಅಂದರೆ ಆರು ತಿಂಗಳು, ಮೇಲೆ 28 ದಿನ.

ತುರ್ತು ಗುಳಿಗಿಯ ಕಥೆಯೂ ಅದೇ. ಐ-ಪಿಲ್ ಅಂತಲೋ, ಸರ್ಕಾರದ ಈಜಿ ಪಿಲ್ ಅಂತಲೋ, 72 ಗಂಟೆಯೊಳಗೆ ತಗೊಳ್ಳೋದು. ಅದರಲ್ಲಿರೋದು ಲೆವೊನಾರ್ಜೆಸ್ಟ್ರೆಲ್, ಮಾಲಾ-ಎನ್‌ನಲ್ಲಿರೋ ಎರಡು ಹಾರ್ಮೋನುಗಳಲ್ಲಿ ಒಂದು. ರಿಫಾಂಪಿಸಿನ್ ಇದ್ದಾಗ ಅದೂ ಸೋಲ್ತದ. ಅಂಗಡಿಯವನು ಕೊಟ್ಟ ಅಂತ ನುಂಗಿ ಸುಮ್ಮನೆ ಕೂರಬ್ಯಾಡ್ರಿ. ಐದು ದಿನದೊಳಗೆ ಕಾಪರ್-ಟಿ ಹಾಕಿಸಿದರ ಅದು ಕೆಲಸ ಮಾಡ್ತದ. ಸಮೀಪದ ಆರೋಗ್ಯ ಕೇಂದ್ರದಲ್ಲಿ ಆಗದಿದ್ದರ ಅಕ್ಕಲಕೋಟ, ಅಲ್ಲಿಯೂ ಆಗದಿದ್ದರ ಸೊಲ್ಲಾಪುರದ ಸಿವಿಲ್ ದವಾಖಾನೆ.

ಇಷ್ಟಾದ ಮೇಲೂ ಬಸುರಿ ಆದರ? ಮಾಮೂಲು ಟಿಬಿ ಔಷಧವನ್ನ ಬಸುರಿದ್ದಾಗಲೂ ನಡೆಸ್ತಾರ. ಕೂಸು ಉಳಿಸಿಕೊಳ್ಳೋದು ಆಕಿಯ ಇಚ್ಛೆ ಇದ್ದರ ಡಾಕ್ಟರ ನಿಗಾದಲ್ಲಿ ಉಳಿಸಿಕೊಳ್ಳಬಹುದು. ಬ್ಯಾಡ ಅಂದರ ಕಾನೂನು ಆಕಿಯ ಕಡೆ ಅದ. 1971ರ ಗರ್ಭಪಾತ ಕಾಯ್ದೆಯಲ್ಲೇ ಗರ್ಭನಿರೋಧಕ ಸೋತದ್ದನ್ನ ಕಾರಣ ಅಂತ ಒಪ್ಪಿದ್ದರು. ಆಗ ಅದು ವಿವಾಹಿತೆಯರಿಗೆ ಮಾತ್ರ. 2021ರ ತಿದ್ದುಪಡಿಯಲ್ಲಿ ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಅನ್ನೋ ಅರ್ಥಕ್ಕೆ ಬದಲಿಸಿದರು. ಈ ಕಾರಣಕ್ಕೆ 20 ವಾರದೊಳಗೆ, ಮಾನ್ಯತೆ ಇರೋ ಜಾಗದಲ್ಲಿ, ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಮಾಡಿಸಬಹುದು. ವಯಸ್ಸಿಗೆ ಬಂದ ಹೆಣ್ಣಿಗೆ ಗಂಡನ ಸಹಿ ಬೇಕಾಗಿಲ್ಲ, ಆಕಿಯ ಒಪ್ಪಿಗೆ ಸಾಕು. ಅಂಗಡಿಯಿಂದ ಗುಳಿಗಿ ತಂದು ಮನೆಯಲ್ಲೇ ಮಾಡಿಕೊಳ್ಳೋದು ಅಪಾಯ.

ಈಗ ನಮ್ಮ ವಿಷಯಕ್ಕೆ, ಭಾಷೆಗೆ ಬರೋಣ. ಆರೋಗ್ಯ ಕೇಂದ್ರದಲ್ಲಿ ಟಿಬಿಯದು ಒಂದು ರಿಜಿಸ್ಟರು, ಕುಟುಂಬ ಕಲ್ಯಾಣದ್ದು ಇನ್ನೊಂದು ರಿಜಿಸ್ಟರು. ಎರಡನ್ನೂ ಕೂಡಿಸಿ ನೋಡಬಲ್ಲವಳು ಒಬ್ಬಾಕಿನೇ, ಗುಳಿಗಿ ನುಂಗೋಕಿ. ಆಕಿ ಬಾಯಿ ಬಿಟ್ಟು ಹೇಳಿದರ ಮಾತ್ರ ಡಾಕ್ಟರಿಗೆ ತಿಳೀತದ. ಆದರ ಕೇಳೋದು ಮರಾಠಿಯಲ್ಲಿ. ‘ಪಾಳಿ ಚುಕಲಿ ಕಾ’ ಅಂದರ ಮುಟ್ಟು ತಪ್ಪೇತೇನು ಅಂತ ಅರ್ಥ. ಕನ್ನಡದಲ್ಲಿ ಪಾಳಿ ಅಂದರ ಸರದಿ. ಅಫಜಲಪುರದಿಂದ ಬಂದ ಹುಡುಗಿ ‘ಪಾಳಿ ತಪ್ಪಿಲ್ಲರಿ, ಸಾಲಿನ್ಯಾಗೇ ನಿಂತೀನಿ’ ಅಂದರ ಅದು ಆಕಿಯ ದಡ್ಡತನ ಅಲ್ಲ. ಕೂಸು ಮುಂದೂಡೋದಕ್ಕೆ ಮರಾಠಿಯಲ್ಲಿ ‘ಪಾಳಣಾ ಲಾಂಬವಣೆ’ ಅಂತಾರ, ತೊಟ್ಟಿಲು ದೂರ ಮಾಡೋದು. ಚೆಂದದ ಮಾತು. ಗೊತ್ತಿದ್ದವರಿಗೆ ಚೆಂದ. ನಾವೆಲ್ಲ ಇಲ್ಲೇ ಹುಟ್ಟಿ ಎರಡೂ ಭಾಷೆ ಕಲಿತವರು, ನಮಗ ತಿಳೀತದ. ಅತ್ತಿ ಜೋಡಿ ಹೋಗಿ, ಅತ್ತಿ ಮುಂದೆ, ಬಾರದ ಭಾಷೆಯಲ್ಲಿ, ‘ಮಾಲಾ-ಎನ್ ತಗೋತೀನಿ, ಫಿಟ್ಸಿನ ಗುಳಿಗಿನೂ ತಗೋತೀನಿ’ ಅಂತ ಹೇಳಬೇಕಾದಾಕಿ ನಾವಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು ಹೀಗದ: ಜಿಲ್ಲೆಯಲ್ಲಾಗಲಿ ತಾಲೂಕಿನಲ್ಲಾಗಲಿ ನೂರಕ್ಕೆ 15 ಅಥವಾ ಹೆಚ್ಚು ಜನ ಆ ಭಾಷೆಯವರಿದ್ದರ ಮುಖ್ಯ ಸೂಚನೆಗಳನ್ನ ಅವರ ಭಾಷೆಯಲ್ಲೂ ಪ್ರಕಟಿಸಬೇಕು. ಅಕ್ಕಲಕೋಟ ತಾಲೂಕಿನಲ್ಲಿ ಕನ್ನಡದವರು ಅದಕ್ಕಿಂತ ಎಷ್ಟೋ ಹೆಚ್ಚು. ನಾವು ಇದನ್ನ ಬೋರ್ಡಿಗೆ, ಶಾಲೆಗೆ, ಮತದಾರರ ಪಟ್ಟಿಗೆ ಕೇಳೀವಿ. ಗುಳಿಗಿಗೆ ಕೇಳಿಲ್ಲ. ಸಂವಿಧಾನದ 350ನೇ ವಿಧಿಯಲ್ಲಿ ಅಹವಾಲನ್ನ ನಮ್ಮ ಭಾಷೆಯಲ್ಲೇ ಕೊಡೋ ಹಕ್ಕು ಅದ, ಅರ್ಜಿ ಕನ್ನಡದಲ್ಲೇ ಬರೆಯೋಣ, ಜೋಡಿ ಮರಾಠಿ ಪ್ರತಿ ಇಡೋಣ. ಮರಾಠಿ ಪ್ರತಿ ಯಾಕ ಅಂತ ಕೆಲವರು ಸಿಟ್ಟಾಗ್ತೀರಿ. ಓದೋ ನರ್ಸಮ್ಮಗ ತಿಳಿಯಬೇಕಲ್ಲ, ಅದಕ್ಕ. ಆಕಿಯ ಮೇಲೆ ನಮ್ಮ ಜಗಳ ಇಲ್ಲ.

ಅರ್ಜಿಗೆ ಕಾಯೋದರೊಳಗ ಒಂದು ಚೀಟಿ ಮಾಡೋಣ, ಅಂಗೈಯಷ್ಟು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಅದೇ ಮಾತು ಮರಾಠಿಯಲ್ಲಿ. ಹೆಣ್ಣುಮಗಳು ಬಾಯಿ ಬಿಡದೆ ತೋರಿಸಿದರೂ ಸಾಕಾಗಬೇಕು. ‘ನಾನು ಕೂಸು ಆಗದಂತೆ ಗುಳಿಗಿ ತಗೊಳ್ಳುತ್ತಿದ್ದೇನೆ. ನೀವು ಕೊಡುವ ಔಷಧದಿಂದ ಅದರ ಬಲ ಇಳಿಯುತ್ತದೆಯೇ? ಇಳಿಯುವುದಾದರೆ ನನಗೆ ಬೇರೆ ಯಾವ ಸಾಧನ ಸರಿ?’ ಇಷ್ಟೇ. ಕೆಳಗೆ ಟಿಬಿ ಸಹಾಯವಾಣಿ 1800-11-6666, ಪುಗಸಟ್ಟೆ ಕರೆ. ಕರೆ ಮಾಡಿದಾಗ ಕನ್ನಡ ಬರೋರು ಬೇಕು ಅಂತ ಕೇಳ್ರಿ. ಹೆಸರು ಬರೆಯೋ ಜಾಗ ಇಡೋದು ಬ್ಯಾಡ, ಚೀಟಿ ಕಳೆದು ಯಾರ ಕೈಗಾದರೂ ಸಿಕ್ಕರ ಆಕಿಯ ಗುಟ್ಟು ಹೊರಬೀಳಬಾರದು.

ಛಾಪಿಸೋಕ ಮುಂಚೆ ಕರಡನ್ನ ವೈದ್ಯಾಧಿಕಾರಿಗೆ ತೋರಿಸ್ತೀವಿ. ಅವರು ತಿದ್ದಿದ್ದನ್ನ ತಿದ್ದೇ ಛಾಪಿಸೋದು, ನಾವು ಡಾಕ್ಟರಲ್ಲ. ಮರಾಠಿ ಬದಿಗೆ ಚಲೋ ಮರಾಠಿ ಬರೆಯೋರು ಇಬ್ಬರು ಬೇಕು. ಕನ್ನಡ ಬದಿಗೆ ಒಂದು ಮಾತು ಇನ್ನೂ ತೀರ್ಮಾನ ಆಗಿಲ್ಲ: ‘ಮುಟ್ಟು’ ಅಂತ ಬರೀಬೇಕೋ ‘ಹೊರಗಾಗೋದು’ ಅಂತ ಬರೀಬೇಕೋ. ಅದನ್ನ ನಾವು ಗಂಡಸರು ಕೂತು ತೀರ್ಮಾನ ಮಾಡೋದು ಬ್ಯಾಡ. ನಿಮ್ಮ ಮನೆಯಲ್ಲಿ ಅವ್ವಗ, ಅತ್ತಿಗಿಗೆ, ತಂಗಿಗೆ ಕೇಳಿ, ಯಾವ ಮಾತು ಅಂದರೆ ನಾಚಿಕಿಲ್ಲದೆ ಚೀಟಿ ಕೈಯಲ್ಲಿ ಹಿಡೀತಾರ ಅಂತ ತಿಳಕೊಂಡು ಬರುವ ಭಾನುವಾರದೊಳಗ ಹೇಳ್ರಿ.